ಮುಳುಗಿದ ದೋಣಿಯ ಡೋರಿ

ದೋಣಿಯ ಮೂತಿಯೊಂದೇ ನೀರಿನ ಮೇಲಿತ್ತು. ಹಿಂಭಾಗ, ಇಂಜಿನ್ನು, ಕೂರುವ ಹಲಗೆ – ಎಲ್ಲ ಕೆರೆಯ ಪಾಲಾಗಿದ್ದವು. ಕಟ್ಟಿದ ಹಗ್ಗ ಮಾತ್ರ ಜಾಲಿಯ ಬೊಡ್ಡೆಗೆ ಬಿಗಿದಂತೆಯೇ ಇತ್ತು.

ರವಿವಾರ ಮುಂಜಾನೆ ಅದನ್ನು ಮೊದಲು ಕಂಡವನು ಮೀರಾಸಾಬ. ದೋಣಿ ನಡೆಸುವವನೂ ಅವನೇ, ಅದರ ಮಿಸ್ತ್ರಿಯೂ ಅವನೇ. ಪಂಖ ತಿರುಗಿಸುವ ದಂಡ ತಳ ದಾಟಿ ಹೊರಗೆ ಹೋಗುವ ಜಾಗದಲ್ಲಿ ನೀರು ಸೋರುತ್ತದೆಂದು ಗುರುವಾರವಷ್ಟೇ ಬಿಚ್ಚಿ ರಿಪೇರಿ ಮಾಡಿದ್ದ. ದಂಡದ ಸುತ್ತಲಿನ ಹಿತ್ತಾಳೆಯ ಬಟ್ಟಲಿನಿಂದ ಹಳೆಯ ಡೋರಿ ತೆಗೆದು, ಹೊಸ ನೂಲಿನ ಡೋರಿ ತುಂಬಿ, ಮೇಲೆ ನಟ್ಟು ಬಿಗಿದಿದ್ದ. ಬಿಗಿದಿದ್ದೆನೋ? ಪೂರ್ತಿ ಬಿಗಿದಿದ್ದೆನೋ? ಎಷ್ಟು ನೆನೆದರೂ ಕೊನೆಯ ಸುತ್ತು ನೆನಪಿಗೆ ಬರಲೊಲ್ಲದು.

ಸಂಸ್ಥಾನಗಳು ಹೋಗಿ ಐದಾರು ವರ್ಷವಾಗಿತ್ತು. ಯಾವನೋ ಸಂಸ್ಥಾನಿಕ ಗಾಳಿಸವಾರಿಗೆ ಇಟ್ಟಿದ್ದ ಹಳೆಯ ಮೋಟಾರು ದೋಣಿಯನ್ನು ಊರವರು ಕೂಡಿ ಹರಾಜಿನಲ್ಲಿ ಹಿಡಿದಿದ್ದರು. ಮಳೆಗಾಲದಲ್ಲಿ ಕೆರೆ ತುಂಬಿ ಬಂಡಿದಾರಿ ಮುಳುಗಿದರೆ ಆಚೆ ದಂಡೆಗೆ ಅದೊಂದೇ ಗತಿ. ನಾಳೆ ಸೋಮವಾರ ಆಚೆ ದಂಡೆಯ ಮಠದ ಸ್ವಾಮಿಗಳಾದ ಅಜ್ಜನವರು ಅದರಲ್ಲೇ ಊರಿಗೆ ಬರುವವರಿದ್ದರು.

ಹೊತ್ತು ಏರುವಷ್ಟರಲ್ಲಿ ಊರೆಲ್ಲ ದಂಡೆಗೆ ಕೂಡಿತು. ಎತ್ತು ಹೂಡಿ ಹಗ್ಗ ಜಗ್ಗಿ ದೋಣಿಯನ್ನು ಅರ್ಧ ಮೇಲೆತ್ತಿದರು. ಪಾಟೀಲ ಶಿವಯೋಗೆಪ್ಪ ಕಲ್ಲಿನ ಮೇಲೆ ಕುಳಿತು ಮೀಸೆ ಕಡಿಯುತ್ತಿದ್ದ.

"ಮೀರಾಸಾಬ, ನೀ ಅಲ್ಲೇ ನಿಂದ್ರು. ಫೌಜದಾರ್ರು ಬರೂ ತನಕ ದೋಣಿ ಮುಟ್ಟಬ್ಯಾಡ."

"ಫೌಜದಾರ್ರ? ಯಾಕ್ರಿ ಪಾಟೀಲ್ರ?"

"ಅಜ್ಜಾರು ಕುಂದ್ರೂ ದೋಣಿ. ನಾಳಿ ನಡುನೀರಾಗ ಹಿಂಗಾಗಿದ್ರ? ಮಂದಿ ಬಾಯಿ ನಾ ಹಿಡೀಲಿಕ್ಕಾಗೂದಿಲ್ಲ. ಜತ್ತಿನ ಪೊಲೀಸ ಠಾಣೇಕ್ಕ ಸೈಕಲ್ ಮ್ಯಾಲ ಮನಷ್ಯಾನ ಕಳಿಸೀನಿ. ಮಧ್ಯಾಹ್ನಕ್ಕ ಬರ್ತಾರ."

ಮಂದಿಯ ಬಾಯಲ್ಲಿ ಏನಿತ್ತೆಂದು ಮೀರಾಸಾಬನಿಗೆ ಯಾರೂ ಹೇಳಬೇಕಿರಲಿಲ್ಲ. ಮಿಸ್ತ್ರಿ ಬೇಕೆಂದೇ ಸಡಿಲ ಬಿಟ್ಟ – ಹಿಂದಿನಿಂದ ಎರಡು ಸಲ ಆ ಮಾತು ಕೇಳಿಬಂದಿತ್ತು. ಬೇಡಿ ತೊಡಿಸಿ ಒಯ್ದರೆ ಆಮೇಲೆ ಯಾರು ಅವನ ಕೈಗೆ ಇಂಜಿನ್ನು ಕೊಟ್ಟಾರು? ಮನೆಯಲ್ಲಿ ಹೆಂಡತಿ ಖೈರುನಬಿ ಒಲೆ ಹಚ್ಚದೆ ಕುಳಿತಿದ್ದಳು.

ದೋಣಿಯ ಲೆಕ್ಕ, ಮಂದಿ ಹತ್ತಿಸುವುದು ಇಳಿಸುವುದು ಶಂಕರೆಪ್ಪನ ಕೆಲಸ. ದಿನಕ್ಕೆ ಮೂರು ಹೊತ್ತು ಲಿಂಗಪೂಜೆ ಮಾಡುವ ಮಡಿವಂತ ಮನುಷ್ಯ. ಅವನೇ ಧೋತರ ಎತ್ತಿ ಕಟ್ಟಿ ದೋಣಿಯೊಳಗೆ ಇಳಿದ. ನಟ್ಟು ತಿರುಗಿಸಿ ಬಟ್ಟಲಿನಿಂದ ಡೋರಿ ಜಗ್ಗಿ ತಂದು ಪಾಟೀಲನ ಮುಂದಿನ ಕಲ್ಲಿನ ಮೇಲಿಟ್ಟ.

"ನೋಡ್ರಿ. ಸಡ್ಲ ಆಗೇದ. ಮಿಸ್ತ್ರಿ ಕೆಲಸ ಮಿಸ್ತ್ರಿಗೇ ಗೊತ್ತು, ನಾ ಏನ್ ಹೇಳ್ಲಿ."

ಕಲ್ಲಿನ ಸುತ್ತಲಿನವರು ಎರಡು ಹೆಜ್ಜೆ ಹಿಂದೆ ಸರಿದರು. ನೀರು ತಡೆಯಲೆಂದು ಡೋರಿಗೆ ಆಡಿನ ಚರಬಿ ಸವರಿದ್ದನ್ನು ಮೀರಾಸಾಬ ಮುಚ್ಚಿಟ್ಟಿರಲಿಲ್ಲ. ಪಾಟೀಲ ಕಾಲು ಮಡಚಿಕೊಂಡ. ಶಂಕರೆಪ್ಪ ಒಂದು ಕಡೆ ಹೋಗಿ ಕುಳಿತು, ಚಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಬಾಯಿಗೆ ಹಾಕಿದ. ಅವನು ಸಾವಕಾಶ ಜಗಿಯುವುದನ್ನು ದೂರದಿಂದ ನೋಡಿದ ಮೀರಾಸಾಬನಿಗೆ, ಇವನ ಲೆಕ್ಕದಲ್ಲಿ ನನ್ನ ಕಥೆ ಮುಗಿಯಿತು ಎನಿಸಿತು.

ಆಗ ಗುಂಪು ಸರಿಸಿಕೊಂಡು ಬಂದವಳು ಮಲಕವ್ವ. ಮನೆಮನೆಯ ಬೆಣ್ಣೆ ಕೊಂಡು ಕಾಸಿ ಜತ್ತಿನ ಸಂತೆಗೆ ತುಪ್ಪ ಒಯ್ಯುವ ಮುದುಕಿ. ಯಾರ ಮನೆಯ ಬೆಣ್ಣೆಯಲ್ಲಿ ಬಟಾಟೆ ಸೇರಿದೆ ಎಂಬುದನ್ನು ಬೆರಳಲ್ಲೇ ಹೇಳುವವಳು. ಊರಿನ ಕಳುವು ಕಪಟ ಒಡೆದದ್ದೂ ಅವಳೇ ಹೆಚ್ಚು.

"ಪಾಟೀಲ್ರ, ಫೌಜದಾರ ಬರೂ ತನಕ ನಾ ನಾಕ ಮಾತ ಕೇಳ್ಲೇನು?"

"ಕೇಳ ಆಯಿ. ಕೇಳಿದ್ರ ದೋಣಿ ಏನ್ ತೇಲೂದಿಲ್ಲ."

"ದೋಣಿ ಮುಳಗ್ಲಿ ಬಿಡು, ಮನಷ್ಯಾ ಮುಳಗಬಾರ್ದು." ಅವಳು ಮೀರಾಸಾಬನತ್ತ ತಿರುಗಿದಳು. "ತಮ್ಮಾ, ಗುರುವಾರ ರಿಪೇರಿ ಆದ ಮ್ಯಾಲ ನೀರ ಬಂತೇನು?"

"ಹನಿಹನಿ ರೀ ಆಯಿ. ಅಷ್ಟು ಬರಬೇಕು, ಇಲ್ಲಂದ್ರ ದಂಡ ಕಾಯ್ತದ. ಶುಕ್ರವಾರ ಮುಂಜಾನಿನೂ ಚಲೋ ಇತ್ತು."

"ಶುಕ್ರವಾರ ಮಧ್ಯಾಹ್ನ?"

"ನಮಾಜಿಗೆ ಹೋಗಿದ್ದೆ. ಆ ಹೊತ್ತು ದೋಣಿ ನಿಂತಿರ್ತದ."

"ಇಂಜಿನ್ ಮುಚ್ಚಳದ ಕೀಲಿ?"

"ಚಾವಡಿ ಗೂಟಕ್ಕ. ನಟ್ಟು ಬಿಚ್ಚೂ ಪಾನಾನೂ ಅಲ್ಲೇ. ಯಾವಾಗ್ಲೂ ಅಲ್ಲೇ."

"ಶನಿವಾರ?"

"ಸಂಜಿ ಕಡೀ ಸರ್ತಿ ಬರೂವಾಗ ತಳದಾಗ ಅಂಗೈ ಆಳ ನೀರಿತ್ತು. ತೋಡಿ ಚೆಲ್ಲಿದೆ. ಅಲೆ ಹೊಡದು ಒಳಗ ಬಂದಿದ್ದೀತು ಅಂತ…" ಅವನು ಆಗಲೇ ಬಟ್ಟಲಿನ ಕಡೆ ಬಗ್ಗಿ ನೋಡಬೇಕಿತ್ತು. ನೋಡಲಿಲ್ಲ.

ಮಲಕವ್ವ ಅಮೋಗಸಿದ್ದನನ್ನು ಕರೆದಳು. ಮೋಟಾರು ಬರುವ ಮುಂಚೆ ಹರಗೋಲು ಹಾಕಿ, ಕೂಲಿಗೆ ಕಾಳು ಪಡೆದು ಮಂದಿ ದಾಟಿಸುತ್ತಿದ್ದವನು ಅವನು. ಈಗ ಹರಗೋಲು ಬೋರಲು ಬಿದ್ದು ಕೋಳಿ ಸಾಕುವುದಕ್ಕಾಗಿತ್ತು.

"ನಿನಗ ಈ ದೋಣಿ ಮ್ಯಾಲ ಸಿಟ್ಟ ಅದ ಅಂತಾರ."

"ಸಿಟ್ಟ ಅದ. ಇಲ್ಲ ಅನ್ನೂದಿಲ್ಲ. ಆದ್ರ ನಾ ಮುಳಗಸೂದಾದ್ರ ತಳಕ್ಕ ಕುಡಗೋಲ ಹಾಕ್ತಿದ್ದೆ ಆಯಿ. ಆ ನಟ್ಟು ಪಟ್ಟು ಯಾವ ಕಡೆ ತಿರಗ್ತದ ಅಂತ ನನಗೇನ್ ಗೊತ್ತು?"

ಒಂದಿಬ್ಬರು ನಕ್ಕರು. ಮೀರಾಸಾಬ ನಗಲಿಲ್ಲ. ಜತ್ತಿನ ದಾರಿಯಲ್ಲಿ ಯಾರೋ ಬರುವುದು ಕಂಡಿತೇ? ಇಲ್ಲ, ದನಗಳು.

ಮಲಕವ್ವ ಕಲ್ಲಿನ ಹತ್ತಿರ ಹೋಗಿ ಡೋರಿಯನ್ನು ಎತ್ತಿಕೊಂಡಳು.

"ಏ ಆಯಿ, ಮುಟ್ಟಬ್ಯಾಡ!" ಪಾಟೀಲ ಎದ್ದೇಬಿಟ್ಟ. "ಚರಬಿ ಅದು!"

"ಮುಟ್ಟಲಾರ್ದ ಹ್ಯಾಂಗ ನೋಡ್ಲಿ?" ಅವಳು ಬೆರಳ ನಡುವೆ ಹೊಸಕಿದಳು. ಮೂಗಿಗೆ ಹಿಡಿದಳು. ಮತ್ತೊಮ್ಮೆ ಹಿಡಿದಳು. "ಮೀರಾ, ನೀ ತುಂಬಿದ್ದು ಒಂದು ಉದ್ದನ್ನ ಡೋರಿನೋ, ತುಂಡೋ?"

"ತುಂಡು ರೀ. ನಾಕು. ಒಂದೊಂದು ಬಳಿಯಂಗ ಕತ್ತರಿಸಿ, ಕೂಡು ಬಾಯಿ ಒಂದರ ಮ್ಯಾಲೊಂದು ಬರಲಾರದಂಗ ಇಡಬೇಕು. ಉದ್ದಕ್ಕ ಸುತ್ತಿದ್ರ ನೀರು ಅದರ ಗುಂಟ ಹಾದು ಬರ್ತದ."

ಅವಳು ಕೈ ಎತ್ತಿ ತೋರಿಸಿದಳು. ಒಂದೇ ಎಳೆ. ಮೊಳದುದ್ದ. ಪೇಟೆಯ ಹೆಣೆದ ನೂಲಲ್ಲ. ಅರಳೆ ಹೊಸೆದ ಬತ್ತಿ.

ಮೀರಾಸಾಬ ಕತ್ತು ಚಾಚಿ ನೋಡಿದ. ಮುಂಜಾನೆಯಿಂದ ಅವನನ್ನು ಹತ್ತಿರ ಬಿಟ್ಟಿರಲಿಲ್ಲ. ಹತ್ತಿರ ಇದ್ದವರು ಡೋರಿಯಿಂದ ಮುಖ ತಿರುಗಿಸಿ ನಿಂತಿದ್ದರು.

"ಅದು… ನನ್ನದಲ್ಲ ಆಯಿ."

"ನಿನ್ನದಲ್ಲ. ಚರಬಿನೂ ಅಲ್ಲ. ತುಪ್ಪ ಇದು. ಎಮ್ಮಿದು ಬೆಳ್ಳಗಿರ್ತದ, ಇದು ಅರಿಷಿಣದಂಗ ಅದ, ಆಕಳದು. ದಂಡ ಕಾದು ತುಪ್ಪ ಕರಗಿ ಹೋತು, ಬತ್ತಿ ಸಡ್ಲಾತು, ನೀರು ನುಗ್ತು. ಶುಕ್ರವಾರ ನಮಾಜಿನ ಹೊತ್ತಿಗೆ ಯಾರೋ ಮೀರಾನ ಡೋರಿ ತಗದು ಇದನ್ನ ತುಂಬ್ಯಾರ."

"ತುಪ್ಪಾ?" ಪಾಟೀಲ ಬಾಯಿ ತೆರೆದ. "ದೋಣಿ ಮುಳಗ್ಸಾಂವ ತುಪ್ಪ ಯಾಕ ಖರ್ಚ ಮಾಡ್ತಾನ?"

"ಮುಳಗ್ಸಾಕ ಅಲ್ಲ ಪಾಟೀಲ್ರ, ಮಡಿ ಮಾಡಾಕ. ಅಜ್ಜಾರು ಕುಂದ್ರೂ ದೋಣಿಯಾಗ ಚರಬಿ ಇರಬಾರ್ದಂತ."



"ಆಕಳ ತುಪ್ಪ ನಮ್ಮ ಮನ್ಯಾಗೂ ಅದ," ಎಂದ ಪಾಟೀಲ. ದನಿಯಲ್ಲಿ ಅಳುಕಿತ್ತು.

"ಅದ. ನಿಮಗೂ ಕೊಟ್ಟೀನಿ. ಅದಕ್ಕ ತುಪ್ಪದ ಮ್ಯಾಲ ನಾ ಹೆಸರ ಹೇಳೂದಿಲ್ಲ. ಇನ್ನೊಂದ ಮಾತ ಕೇಳ್ತೀನಿ. ಈ ಡೋರಿ ಕಂಡಕೂಡ್ಲೆ ನೀವು ಕಾಲ ಮಡಚಿದ್ರಿ. ಯಾಕ?"

"ಚರಬಿ ಅಂತ ತಿಳಕೊಂಡೆ."

"ಎಲ್ಲಾರೂ ಹಂಗ ತಿಳಕೊಂಡ್ರಿ. ಕುರಿ ಕಡದು ತಿನ್ನೂ ಅಮೋಗಸಿದ್ದನೂ ಹಿಂದ ಸರದ. ಒಬ್ಬಾಂವ ಮಾತ್ರ ಬರಿಗೈಲೆ ಜಗ್ಗಿದ. ಬಾಜೂಕ ಕೆರಿ ತುಂಬ ನೀರು, ಕೈ ತೊಳೀಲಿಲ್ಲ. ಅದೇ ಕೈಲೆ ಎಲಿಗೆ ಸುಣ್ಣ ಹಚ್ಚಿ ಬಾಯಾಗ ಹಾಕ್ಕೊಂಡ. ಲಿಂಗ ಮುಟ್ಟೂ ಕೈ ಅದು. ಚರಬಿ ಅಲ್ಲಂತ ಅವಗ ಮೊದಲ ಗೊತ್ತಿರಲಾರ್ದ ಹಂಗ ಮಾಡ್ತಿದ್ನೇನು?" ಅವಳು ತಿರುಗಿದಳು. "ಹೇಳಪಾ ಶಂಕರೆಪ್ಪ. ಮೀರಾನ ಡೋರಿ ಎಲ್ಲಿ?"

ಶಂಕರೆಪ್ಪನ ದವಡೆ ನಿಂತಿತು. ಬಾಯಲ್ಲಿದ್ದುದನ್ನು ಉಗುಳಲೂ ಇಲ್ಲ, ನುಂಗಲೂ ಇಲ್ಲ.

"ಬೇಲಿ ಬುಡಕ್ಕ… ಹುಗದೀನಿ. ಕೋಲಿಗೆ ಸುತ್ತಿ ಒಯ್ದು." ಎಂದ ಶಂಕರೆಪ್ಪ. "ಮುಳಗ್ತದಂತ ಗೊತ್ತಿದ್ದಿಲ್ಲ ಆಯಿ. ಮುಂಜಾನಿಂದ ಹೇಳಬೇಕಂತ ಮಾಡಿದೆ. ಅಜ್ಜಾರ್ನ ನಾನೇ ಮುಳಗಸ್ತಿದ್ದೆ ಅಂತ ಹ್ಯಾಂಗ ಹೇಳ್ಲಿ?"

"ಹಂಗಂತ ಇನ್ನೊಬ್ಬನ ಕೈಗೆ ಬೇಡಿ ಹಾಕಸ್ತೀಯಾ?"



ಮೀರಾಸಾಬ ಮೆಲ್ಲಗೆ ಹತ್ತಿರ ಬಂದ. ಸಿಟ್ಟು ಬರಬೇಕಿತ್ತು, ಬರುವ ಮುಂಚೆ ಮಿಸ್ತ್ರಿಯ ಮಾತು ಬಂತು.

"ಶಂಕರೆಪ್ಪಣ್ಣಾ, ನನಗೊಂದ ಮಾತ ಹೇಳಿದ್ರ ಜೇನಿನ ಮೇಣ ಹಾಕ್ತಿದ್ನಲ್ಲೋ. ಮೇಣ ನಡೀತದ. ತುಪ್ಪ ನಡೆಯೂದಿಲ್ಲ."

ಹೊತ್ತು ನೆತ್ತಿಗೆ ಬಂದಾಗ ಫೌಜದಾರರು ಬಂದರು. ಪಾಟೀಲ ಎಲ್ಲ ತಿಳಿಸಿದ. ಫೌಜದಾರರು ಟೊಪ್ಪಿಗೆ ತೆಗೆದು ಬೆವರೊರೆಸಿಕೊಂಡು ಮೀರಾಸಾಬನನ್ನು ಕೇಳಿದರು:

"ಮಾನ ಹೋದದ್ದು ನಿಂದು. ತಕ್ರಾರ ಬರಸ್ತೀಯೇನು? ಇಂವನ್ನ ಒಯ್ಯಲೇನು?"

ಶಂಕರೆಪ್ಪ ಎರಡೂ ಕೈ ಕಟ್ಟಿ ನೆಲ ನೋಡುತ್ತಿದ್ದ. ಮೀರಾಸಾಬ ಅವನನ್ನೊಮ್ಮೆ, ಅರ್ಧ ನೀರಲ್ಲಿದ್ದ ಇಂಜಿನ್ನನ್ನೊಮ್ಮೆ ನೋಡಿದ. ನಾಳೆ ಅಜ್ಜನವರು ಬರುವಷ್ಟರಲ್ಲಿ ಅದನ್ನು ಇಳಿಸಿ, ಬಿಚ್ಚಿ, ಒಣಗಿಸಿ, ಮತ್ತೆ ಕೂಡಿಸಬೇಕು.

"ಒಯ್ಯೂದಾದ್ರ ನಾಳಿ ಒಯ್ರಿ ಸಾಹೇಬ್ರ," ಎಂದ ಅವನು ಅಂಗಿಯ ತೋಳು ಮಡಚುತ್ತ. "ಇವತ್ತ ಇಂಜಿನ್ ಎತ್ತಾಕ ನನಗ ಒಂದು ಆಳು ಕಡಿಮಿ ಬೀಳ್ತದ."