ಎದುರು ಮನೆಯ ಕ್ಯಾಮೆರಾ

ಶನಿವಾರ ಬೆಳಗ್ಗೆ ಠಾಣೆಗೆ ಬಂದ ಮೊದಲ ದೂರು ಕ್ಯಾಮೆರಾ ಪೆಟ್ಟಿಗೆಯದು. ಕಳ್ಳರನ್ನು ಹಿಡಿಯಲೆಂದು ಬೀದಿಯವರೆಲ್ಲ ಸೇರಿ ಹಾಕಿಸಿದ್ದ ಕ್ಯಾಮೆರಾಗಳ ರೆಕಾರ್ಡರನ್ನೇ ಯಾರೋ ಎತ್ತಿಕೊಂಡು ಹೋಗಿದ್ದರು. ದಫೇದಾರ್ ನಗು ತಡೆಯಲಾಗದೆ ಫೈಲಿನ ಹಿಂದೆ ಮುಖ ಮರೆಸಿಕೊಂಡ.

ದೂರು ತಂದವರು ಅಂಚೆ ಇಲಾಖೆಯಿಂದ ನಿವೃತ್ತರಾದವರು. ಬೀದಿಯ ಜನ ಅವರನ್ನು ಸೆಕ್ರೆಟರಿ ಎನ್ನುತ್ತಾರೆ. ಯಾವ ಸಂಘದ ಸೆಕ್ರೆಟರಿ ಎಂದು ಈವರೆಗೆ ಯಾರೂ ಕೇಳಿಲ್ಲ. ಹಿಂದಿನ ಸಂಜೆ ಹೆಂಡತಿಯ ಜೊತೆ ವಾಕಿಂಗ್ ಮುಗಿಸಿ ಬಂದಾಗ ಪರದೆ ಕಪ್ಪಾಗಿತ್ತಂತೆ. ಕರೆಂಟಿನ ತೊಂದರೆ ಇರಬೇಕೆಂದುಕೊಂಡು ಮಲಗಿದ್ದರು. ಬೆಳಗ್ಗೆ ರೆಕಾರ್ಡರ್ ಇಟ್ಟಿದ್ದ ಬೀರು ತೆರೆದರೆ ಪೆಟ್ಟಿಗೆ ಇಲ್ಲ.

"ಇನ್ನೇನು ಹೋಗಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಇನ್ನೇನೂ ಇಲ್ಲ ಸಾರ್. ಟೀವಿ ಇದೆ. ನಮ್ಮ ಮನೆಯವಳ ಸರ ಕನ್ನಡಿ ಪಕ್ಕದ ಮೊಳೇಲಿ ಹಾಗೇ ನೇತಾಡ್ತಿದೆ."

"ಬೀಗ ಮುರಿದಿದ್ದಾರಾ?"

"ಇಲ್ಲ."

"ಯಾರ ಮೇಲಾದ್ರೂ ಅನುಮಾನ?"

ಸೆಕ್ರೆಟರಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ಎದುರು ಮನೆ ಕೆಲಸ ಬಿಟ್ಟು ಹೋದ ಹೆಂಗಸು."

"ಬಿಟ್ಟು ಹೋದ್ಲೋ, ಬಿಡಿಸಿದ್ರೋ?"

"ಬಿಡಿಸಿದ್ರು. ನಾವೂ ಬಿಡಿಸಿದ್ವಿ. ನಾಲ್ಕೂ ಮನೆಯವರು."

ಮೂಲೆಯ ಮೇಜಿನಲ್ಲಿದ್ದ ಮಹಿಳಾ ಕಾನ್‌ಸ್ಟೇಬಲ್ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದಳು. ಆ ಹೆಂಗಸು ಯಾರೆಂದು ಅವಳಿಗೆ ಗೊತ್ತಿತ್ತು.

ಕಳೆದ ತಿಂಗಳ ಕೊನೆಯಲ್ಲಿ ಅದೇ ಬೀದಿಯಲ್ಲಿ, ಸೆಕ್ರೆಟರಿಯ ಎದುರು ಮನೆಯ ಮೂರು ವರ್ಷದ ಮಗು ತೆರೆದಿದ್ದ ಗೇಟಿನಿಂದ ಹೊರಗೆ ನಡೆದು, ಹಿಂದಕ್ಕೆ ಬರುತ್ತಿದ್ದ ನೀರಿನ ಟ್ಯಾಂಕರಿಗೆ ಸಿಕ್ಕಿ ಸತ್ತಿತ್ತು. ಚಾಲಕನ ಮೇಲೆ ಪ್ರಕರಣ ದಾಖಲಾಗಿ, ಅವನು ಜಾಮೀನಿನ ಮೇಲೆ ಹೊರಗಿದ್ದ. ಗೇಟು ತೆರೆದು ಬಿಟ್ಟವರು ಯಾರು ಎಂಬುದು ಕಾನೂನಿಗೆ ಬೇಕಾಗಿರಲಿಲ್ಲ. ಬೀದಿಗೆ ಬೇಕಾಗಿತ್ತು. ಬೀದಿ ಅವತ್ತೇ ತೀರ್ಮಾನ ಮಾಡಿ ಕೈ ತೊಳೆದುಕೊಂಡಿತು: ಕೆಲಸದಾಕೆ.

ಅದಾದ ಮೇಲೆ ಆಕೆ ಎರಡು ಸಲ ಠಾಣೆಯ ಮೆಟ್ಟಿಲ ಮೇಲೆ ಬಂದು ನಿಂತಿದ್ದಳು. "ಆ ಕ್ಯಾಮೆರಾ ಹಾಕಿ ನೋಡಿ ಸಾರ್. ನಾನು ಒಳಗೆ ಬಂದಾಗ ಚಿಲಕ ಹಾಕಿದ್ದೆ. ಆಮೇಲೆ ಹಿತ್ತಲಲ್ಲಿ ಪಾತ್ರೆ ತೊಳೀತಿರುವಾಗ ಸ್ಕೂಟರ್ ಸದ್ದು ಇನ್ನೊಂದು ಸಲ ಕೇಳಿಸ್ತು" ಎಂದಿದ್ದಳು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. "ಅದು ನೋಡಿದ್ರೆ ಮಗು ಎದ್ದು ಬರುತ್ತೇನಮ್ಮಾ?" ಎಂದು ದಫೇದಾರ್ ಕಳಿಸಿಬಿಟ್ಟಿದ್ದ. ಅವನು ಕೆಟ್ಟವನಲ್ಲ, ಅವತ್ತು ಅವನಿಗೆ ಬೇರೆ ಕೆಲಸವಿತ್ತು, ಅಷ್ಟೇ.

ಎಫ್‌ಐಆರ್ ದಾಖಲಾಯಿತು. ಹನ್ನೊಂದು ಗಂಟೆಯ ಹೊತ್ತಿಗೆ ಇನ್‌ಸ್ಪೆಕ್ಟರ್ ಇಬ್ಬರು ಸಿಬ್ಬಂದಿಯೊಂದಿಗೆ ಸ್ಥಳಕ್ಕೆ ಹೋದರು.

ಅದು ಮುಂದೆ ದಾರಿಯಿಲ್ಲದ ಸಣ್ಣ ಬೀದಿ. ಆ ಕಡೆ ಎರಡು ಮನೆ, ಈ ಕಡೆ ಎರಡು. ಕ್ಯಾಮೆರಾ ಕೊಂಡ ಕತೆಯನ್ನು ಸೆಕ್ರೆಟರಿ ಕೇಳದೆಯೇ ಹೇಳಿದರು. ಒಂದೊಂದು ಮನೆಗೆ ಒಂದೊಂದು ಸೆಟ್ ಕೊಳ್ಳುವ ತಾಕತ್ತು ಯಾರಿಗೂ ಇರಲಿಲ್ಲ. ನಾಲ್ಕು ಕ್ಯಾಮೆರಾದ ಒಂದೇ ಅಗ್ಗದ ಸೆಟ್ ತಂದು ಹಂಚಿಕೊಂಡರು. ಇಂಟರ್ನೆಟ್ ಜೋಡಿಸಿದರೆ ತಿಂಗಳು ತಿಂಗಳು ಖರ್ಚು ಎಂದು ಅದನ್ನೂ ಬಿಟ್ಟರು. ಹಾಗಾಗಿ ನೋಡಬೇಕೆಂದರೆ ಸೆಕ್ರೆಟರಿಯ ಕೋಣೆಗೇ ಬರಬೇಕು. ಅವರಿಗೋ ನೇರ ಚಿತ್ರ ನೋಡುವುದಷ್ಟೇ ಗೊತ್ತು. ಹಳೆಯದನ್ನು ತೆಗೆದು ನೋಡುವ ವಿದ್ಯೆ ಹತ್ತಿರಲಿಲ್ಲ. ದಿನವೂ ಸಂಜೆ ಚಹಾ ಕುಡಿಯುತ್ತಾ ಖಾಲಿ ಬೀದಿಯನ್ನು ಟೀವಿಯಂತೆ ನೋಡುತ್ತಿದ್ದರು.

"ಕ್ಯಾಮೆರಾ ನಿಮ್ಮ ಮನೆ ಗೇಟು ಬಿಟ್ಟು ಎದುರು ಮನೆ ಕಡೆ ತಿರುಗಿದೆಯಲ್ಲ?" ಇನ್‌ಸ್ಪೆಕ್ಟರ್ ಗೋಡೆಯತ್ತ ನೋಡಿ ಕೇಳಿದರು.

"ಸ್ವಂತ ಗೋಡೆ ಮೇಲಿಂದ ಬರೀ ನೆತ್ತಿ ಕಾಣುತ್ತೆ ಸಾರ್. ಎದುರು ಗೋಡೆಯಿಂದ ಪೂರ್ತಿ ಗೇಟು ಕಾಣುತ್ತೆ. ಅವರ ಗೇಟನ್ನ ನಮ್ಮ ಕ್ಯಾಮೆರಾ ಕಾಯುತ್ತೆ, ನಮ್ಮದನ್ನ ಅವರದು. ಇದು ನನ್ನದೇ ಐಡಿಯಾ." ಹೇಳುವಾಗ ಅವರ ಮುಖ ಅರಳಿತು. ಮರುಕ್ಷಣ ಎದುರಿನ ಗೇಟು ಕಣ್ಣಿಗೆ ಬಿದ್ದು ಒಳಗೆ ನಡೆದರು.

ಪಂಚರ ಸಮಕ್ಷಮದಲ್ಲಿ ಬೀರು ತೆರೆದು ಪಂಚನಾಮೆ ಬರೆಸಲಾಯಿತು. ನಾಲ್ಕು ಕೇಬಲ್‌ಗಳನ್ನು ಕತ್ತರಿಸಿರಲಿಲ್ಲ, ತಿರುಗಿಸಿ ಬಿಚ್ಚಿದ್ದರು. ಕರೆಂಟಿನ ಅಡಾಪ್ಟರ್ ಅಲ್ಲೇ ಉಳಿದಿತ್ತು. ಪೆಟ್ಟಿಗೆಯನ್ನು ಹಲಗೆಗೆ ಬಿಗಿದಿದ್ದ ಎರಡು ಸ್ಕ್ರೂಗಳನ್ನು ತೆಗೆದವರು, ಪೆಟ್ಟಿಗೆ ಎತ್ತಿದ ಮೇಲೆ ಅವನ್ನು ಮತ್ತೆ ಅದೇ ತೂತಿಗೆ ತಿರುಗಿಸಿ ಕೂರಿಸಿದ್ದರು.

"ಮಾರೋ ಕಳ್ಳ ಆಗಿದ್ರೆ ಅಡಾಪ್ಟರ್ ಬಿಟ್ಟು ಹೋಗ್ತಿರ್ಲಿಲ್ಲ" ಎಂದರು ಇನ್‌ಸ್ಪೆಕ್ಟರ್. "ಇವನಿಗೆ ಪೆಟ್ಟಿಗೆ ಬೇಕಾಗಿರ್ಲಿಲ್ಲ. ಅದರಲ್ಲಿ ಇರೋದು ಬೇಕಿತ್ತು."

"ಸ್ಕ್ರೂ ಯಾಕೆ ವಾಪಸ್ ಹಾಕ್ದ ಸಾರ್?" ದಫೇದಾರ್ ತಲೆ ಕೆರೆದುಕೊಂಡ. "ಇಷ್ಟು ಅಚ್ಚುಕಟ್ಟಿನ ಕಳ್ಳನ್ನ ನಾನು ನೋಡೇ ಇಲ್ಲ."

ಮಹಿಳಾ ಕಾನ್‌ಸ್ಟೇಬಲ್ ಮೆಲ್ಲಗೆ ಹೇಳಿದಳು: "ಕೆಲಸದಾಕೆ ಆಗಿರೋಕೆ ಸಾಧ್ಯ ಇಲ್ಲ ಸಾರ್. ಅದನ್ನ ಹಾಕಿ ನೋಡಿ ಅಂತ ಬೇಡಿಕೊಂಡವಳೇ ಅವಳು."

ಆದರೂ ವಿಚಾರಣೆ ಬಿಡುವಂತಿರಲಿಲ್ಲ. ಆಕೆಯ ಮನೆ ಒಂದೇ ಕೋಣೆ. ಗಂಡ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಪೆಟ್ಟಿಗೆ ಕಳುವಾಯಿತು ಎಂದು ಕೇಳಿದ್ದೇ ತಡ ಆಕೆ ಕುಸಿದು ಕೂತಳು.

"ಹೋಯ್ತಾ? ಅದೊಂದಿತ್ತು ಸಾರ್ ನನಗೆ. ಅದೂ ಹೋಯ್ತಾ?"

"ನಿನ್ನೆ ಸಂಜೆ ಎಲ್ಲಿದ್ದೆ?"

"ಇಲ್ಲೇ. ಇನ್ನೆಲ್ಲಿ ಹೋಗ್ಲಿ? ಯಾರ ಮನೆಗೆ ಕೆಲಸ ಕೇಳೋಕೆ ಹೋದ್ರೂ, ಗೇಟು ಹಾಕ್ದೇ ಮಗು ಸಾಯಿಸಿದವಳು ನೀನೇ ತಾನೇ ಅಂತಾರೆ."

ಅಕ್ಕಪಕ್ಕದವರು ಆಕೆ ಮನೆಯಲ್ಲೇ ಇದ್ದಳೆಂದು ಹೇಳಿಕೆ ಕೊಟ್ಟರು. ಇನ್‌ಸ್ಪೆಕ್ಟರ್ ಮತ್ತೆ ಬೀದಿಗೆ ಬಂದು ಸೆಕ್ರೆಟರಿಯನ್ನು ಜಗಲಿಯ ಮೇಲೆ ಕೂರಿಸಿಕೊಂಡರು.

"ಆ ದಿನದ ರೆಕಾರ್ಡಿಂಗ್ ಯಾರಾದ್ರೂ ಕೇಳಿದ್ರಾ?"

"ಮಗುವಿನ ತಾಯಿ ಕೇಳಿದ್ಲು. ಗುರುವಾರ. 'ಅಂಕಲ್, ಒಂದು ಸಲ ತೋರ್ಸಿ' ಅಂದ್ಲು. ಕ್ಯಾಮೆರಾ ಅಂಗಡಿ ಹುಡುಗನ್ನ ಭಾನುವಾರ ಕರೆಸಿ ತೋರಿಸ್ತೀನಿ ಅಂದಿದ್ದೆ."

"ಅಷ್ಟು ದಿನದ ಹಿಂದಿನದು ಇರುತ್ತಾ ಅದರಲ್ಲಿ?"

"ಒಂದು ತಿಂಗಳು ಇರುತ್ತೆ ಸಾರ್" ಎಂದರು ಸೆಕ್ರೆಟರಿ. ಹೇಳುವಾಗ ಅವರ ಕಣ್ಣು ಬೇರೆ ಕಡೆ ಇತ್ತು. ಇನ್‌ಸ್ಪೆಕ್ಟರ್ ಅದನ್ನು ಗಮನಿಸಿದರೂ ಅರ್ಥ ಮಾಡಿಕೊಳ್ಳಲಿಲ್ಲ.

"ವಾಕಿಂಗ್ ಹೋಗುವಾಗ ಮನೆ ಕೀ ಎಲ್ಲಿಡ್ತೀರಿ?"

"ಎದುರು ಮನೇಲಿ. ಯಾವತ್ತೂ ಅಲ್ಲೇ. ಅವರ ಹಾಲ್‌ನಲ್ಲಿ ಒಂದು ಮೊಳೆ ಇದೆ."

ನಾಲ್ಕು ಕ್ಯಾಮೆರಾ ಹಾಕಿಸಿ ಬೀಗದ ಕೀಯನ್ನು ಮಾತ್ರ ಎದುರು ಮನೆಯ ಮೊಳೆಗೆ ತೂಗಿ ಹಾಕುವ ಬೀದಿ ಅದು. ದಫೇದಾರ್‌ಗೆ ಈ ಸಲ ನಗು ಬರಲಿಲ್ಲ.

ಎದುರು ಮನೆಯ ಬಾಗಿಲನ್ನು ಮಗುವಿನ ತಾಯಿಯೇ ತೆರೆದಳು. ಮೊಳೆ ಬಾಗಿಲ ಪಕ್ಕದಲ್ಲೇ ಇತ್ತು. ಅದರ ಕೆಳಗೆ ಗೋಡೆಯ ಮೇಲೆ ಮಗು ಗೀಚಿದ್ದ ಬಣ್ಣದ ಗೆರೆಗಳಿದ್ದವು.

"ಪೆಟ್ಟಿಗೆ ಸಿಗುತ್ತಾ ಸಾರ್?" ಅವಳೇ ಮೊದಲು ಕೇಳಿದಳು. "ನಾನು ಕಣ್ಣು ಮುಚ್ಚಿದ್ರೆ ಮಗಳು ರಸ್ತೇಲಿ ಬಿದ್ದಿದ್ದೇ ಕಾಣುತ್ತೆ. ಅದಕ್ಕಿಂತ ಮುಂಚೆ ನಡ್ಕೊಂಡು ಹೋಗಿದ್ದಾಳಲ್ಲ, ಆ ನಾಲ್ಕು ಹೆಜ್ಜೆ ನೋಡ್ಬೇಕು. ಇನ್ನೇನೂ ಬೇಡ ನನಗೆ."

"ಭಾನುವಾರ ನೋಡೋ ವಿಷಯ ಯಾರಿಗೆ ಹೇಳಿದ್ದೆ ತಾಯಿ?"

"ಯಾರಿಗೂ ಇಲ್ಲ. ನಮ್ಮನೆಯವರಿಗೆ ಮಾತ್ರ."

"ನಿನ್ನೆ ಸಂಜೆ ಕೀ ತೊಗೊಂಡೋರು ಯಾರು?"

"ನಾನು ಮಲಗಿದ್ದೆ. ಮಾತ್ರೆ ತೊಗೊಂಡ್ರೆ ಏನೂ ಗೊತ್ತಾಗಲ್ಲ. ಅವರು ಮನೇಲಿದ್ರು."

ಹೇಳಿದ ಮೇಲೆ ಅವಳು ಮೊಳೆಯ ಕಡೆ ನೋಡಿದಳು. ಇನ್‌ಸ್ಪೆಕ್ಟರ್ ಗಂಡನ ಕೆಲಸದ ಜಾಗ ಎಲ್ಲೆಂದು ಕೇಳಿಕೊಂಡು ಹೊರಟರು.

ಮಗುವಿನ ತಂದೆ ಎಲೆಕ್ಟ್ರಾನಿಕ್ ತಕ್ಕಡಿಗಳ ಮೆಕ್ಯಾನಿಕ್. ಅವನ ಕೆಲಸದ ಕೋಣೆ ಮಾರುಕಟ್ಟೆಯ ಹಿಂದಿತ್ತು. ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ ತಕ್ಕಡಿಗಳು, ಪಕ್ಕದಲ್ಲಿ ತೂಕದ ಬಟ್ಟುಗಳು. ಇನ್‌ಸ್ಪೆಕ್ಟರ್ ಒಂದು ತಕ್ಕಡಿಯ ಖಾಲಿ ತಳವನ್ನು ತಿರುವಿ ನೋಡಿದರು. ಬಿಚ್ಚಿದ ಸ್ಕ್ರೂಗಳೆಲ್ಲ ಅವುಗಳ ತೂತಿನಲ್ಲೇ ಇದ್ದವು. ಪಕ್ಕದ್ದರಲ್ಲೂ ಹಾಗೇ.

"ಬಿಚ್ಚಿದ ಮೇಲೆ ಸ್ಕ್ರೂ ವಾಪಸ್ ಹಾಕ್ತೀರಾ?"

"ಇಲ್ಲಾಂದ್ರೆ ಕಳೆದುಹೋಗುತ್ತೆ ಸಾರ್. ಕೈ ತಾನಾಗೇ ಹಾಕ್ಬಿಡುತ್ತೆ."

"ಸೆಕ್ರೆಟರಿ ಮನೆ ಬೀರೂಲೂ ಹಾಗೇ ಹಾಕಿದ್ದೀರಿ."

ಮೆಕ್ಯಾನಿಕ್ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ. ಓಡಲಿಲ್ಲ, ವಾದಿಸಲಿಲ್ಲ. ಕೆಳಗಿನ ಕಪಾಟಿನಿಂದ ರೇನ್‌ಕೋಟಿನಲ್ಲಿ ಸುತ್ತಿದ ಪೆಟ್ಟಿಗೆಯನ್ನು ತಾನೇ ತೆಗೆದು ಮುಂದಿಟ್ಟ. ಪಂಚರನ್ನು ಕರೆಸಿ ಮಧ್ಯಾಹ್ನ ಮೂರೂವರೆಗೆ ಜಪ್ತಿ ಮಾಡಲಾಯಿತು.

"ಹೇಳಿ."

"ಅವತ್ತು ಅರ್ಧ ದಾರಿ ಹೋಗಿದ್ದೆ. ಕನ್ನಡಕ ಮರೆತಿದ್ದೆ, ವಾಪಸ್ ಬಂದೆ. ಹಾಲ್‌ನಲ್ಲೇ ಇತ್ತು, ತೊಗೊಂಡು ಹೊರಟೆ. ಅಷ್ಟರಲ್ಲಿ ಗಿರಾಕಿ ಫೋನು. ಮಾತಾಡ್ತಾ ಮಾತಾಡ್ತಾ ಗಾಡಿ ಹತ್ತಿದೆ." ಅವನು ತನ್ನ ಬಲಗೈ ನೋಡಿಕೊಂಡ. "ಚಿಲಕ ಹಾಕಿದ ನೆನಪೇ ಇಲ್ಲ ಸಾರ್. ಎಷ್ಟು ಸಲ ಯೋಚನೆ ಮಾಡಿದ್ರೂ ಕೈಯಲ್ಲಿ ಫೋನೇ ಇರುತ್ತೆ."

"ಕೆಲಸದಾಕೆ ಮೇಲೆ ಅಪವಾದ ಬಂದಾಗ ಯಾಕೆ ಸುಮ್ಮನಿದ್ರಿ?"

"ನಾನು ಹೇಳಲಿಲ್ಲ, ನನ್ನನ್ನ ಯಾರೂ ಕೇಳಲೂ ಇಲ್ಲ. ಅವಳೇ ಅಂತ ಎಲ್ಲರೂ ಅಂದ್ರು. ನನ್ನ ಹೆಂಡ್ತಿ ಅವಳನ್ನ ಬೈದು ಬೈದು ಅತ್ತಳು. ಆಮೇಲೆ ರಾತ್ರಿ ನನ್ನ ತೋಳಿನ ಮೇಲೆ ತಲೆ ಇಟ್ಟು ಮಲಗಿದ್ಲು. ಅವಳಿಗೆ ಉಳಿದಿರೋದು ಅದೊಂದೇ ಸಾರ್. ಅದನ್ನೂ ಕಿತ್ಕೊಳ್ಳೋಕೆ ನನ್ನಿಂದ ಆಗ್ಲಿಲ್ಲ."

"ಪೆಟ್ಟಿಗೆ ಒಡೆದು ಎಸೀಬಹುದಿತ್ತಲ್ಲ?"

"ಸುತ್ತಿಗೆ ಎತ್ತಿದ್ದೆ. ಅದರಲ್ಲಿ ಅವಳಿದ್ದಾಳೆ. ನನ್ನ ಮಗಳು ನಡೀತಿದ್ದಾಳೆ. ಹೇಗೆ ಒಡೀಲಿ?"

ಅವನನ್ನು ದಸ್ತಗಿರಿ ಮಾಡಿದರು. ಕೈಕೋಳ ಬೇಡವೆಂದು ಇನ್‌ಸ್ಪೆಕ್ಟರ್ ಹೇಳಿದರು. ಜೀಪಿನಲ್ಲಿ ದಫೇದಾರ್ ಅವನ ಪಕ್ಕ ಕೂತು ದಾರಿಯುದ್ದಕ್ಕೂ ಕಿಟಕಿಯಾಚೆಗೆ ನೋಡುತ್ತಿದ್ದ.

ಸಂಜೆ ಅಂಗಡಿಯ ತಂತ್ರಜ್ಞನನ್ನು ಠಾಣೆಗೆ ಕರೆಸಿ, ಸೆಕ್ರೆಟರಿಯ ಎದುರಿನಲ್ಲೇ ಪೆಟ್ಟಿಗೆಯನ್ನು ಪರದೆಗೆ ಜೋಡಿಸಲಾಯಿತು. ಅವನು ಒಂದಷ್ಟು ಗುಂಡಿ ಒತ್ತಿ ನಿಲ್ಲಿಸಿದ.

"ಯಾವ ದಿನದ್ದು ಬೇಕಂದ್ರಿ?"

ಇನ್‌ಸ್ಪೆಕ್ಟರ್ ಹೇಳಿದರು.

"ಇದರಲ್ಲಿರೋದು ಸಣ್ಣ ಡಿಸ್ಕ್ ಸಾರ್. ಒಂದು ವಾರ ಹಿಡಿಯುತ್ತೆ. ತುಂಬಿದ ಮೇಲೆ ಹಳೇದನ್ನ ಅಳಿಸ್ಕೊಂಡು ಅದರ ಮೇಲೇ ಬರೀತಾ ಹೋಗುತ್ತೆ. ನೀವು ಹೇಳೋ ದಿನ ಎಂದೋ ಹೋಗಿದೆ."

ಸೆಕ್ರೆಟರಿ ಬೆಂಚಿನ ಮೇಲೆ ಮುದುಡಿಕೊಂಡರು. "ದೊಡ್ಡದು ತೊಗೊಳ್ಳಿ ಅಂತ ಅಂಗಡಿಯವನು ಬಡ್ಕೊಂಡ" ಎಂದರು. "ನಾನೇ ಸಣ್ಣದು ಸಾಕು ಅಂದೆ. ಚೌಕಾಸಿ ಮಾಡಿ ತಂದೆ ಅಂತ ಎಲ್ಲರ ಹತ್ರ ಬೆನ್ನು ತಟ್ಟಿಸ್ಕೊಂಡೆ. ತಿಂಗಳು ಪೂರ್ತಿ ಇರುತ್ತೆ ಅಂತ ಸುಳ್ಳು ಹೇಳಿದ್ದೆ ಸಾರ್. ನಮ್ಮ ಬೀದೀಲಿ ಏನಾಗುತ್ತೆ ಮಹಾ ಅಂದ್ಕೊಂಡಿದ್ದೆ."

ಲಾಕಪ್ಪಿನ ಕಂಬಿ ಹಿಡಿದು ನಿಂತಿದ್ದ ಮೆಕ್ಯಾನಿಕ್‌ಗೆ ಎಲ್ಲವೂ ಕೇಳಿಸಿತ್ತು. "ಅವಳು ಇಲ್ವಾ ಅದರಲ್ಲಿ?" ಎಂದು ಕೇಳಿದ. ಅವನು ಪೆಟ್ಟಿಗೆ ಮುಟ್ಟದೆ ಸುಮ್ಮನಿದ್ದಿದ್ದರೆ ಯಾರೂ ಏನನ್ನೂ ನೋಡುತ್ತಿರಲಿಲ್ಲ. ಕದ್ದಿದ್ದಕ್ಕೇ ಸಿಕ್ಕಿಬಿದ್ದ.

ಮಹಿಳಾ ಕಾನ್‌ಸ್ಟೇಬಲ್ ಕೆಲಸದಾಕೆಯ ಮನೆಗೆ ತಾನೇ ಹೋಗಿ ವಿಷಯ ತಿಳಿಸಿ ಬಂದಳು.

"ಏನಂದ್ಲು?" ಇನ್‌ಸ್ಪೆಕ್ಟರ್ ಕೇಳಿದರು.

"ಆ ನಾಲ್ಕು ಮನೆಗೂ ನೀವೇ ಹೋಗಿ ಹೇಳ್ತೀರಾ ಅಂದ್ಲು ಸಾರ್. ನಾನು ಹೇಳಿದ್ರೆ ನಂಬಲ್ಲ ಅಂದ್ಲು."

ಕತ್ತಲಾಗುವ ಮುಂಚೆ ಮಗುವಿನ ತಾಯಿ ಠಾಣೆಗೆ ಬಂದಳು. ಲಾಕಪ್ಪಿನ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಇನ್‌ಸ್ಪೆಕ್ಟರ್ ಮೇಜಿನ ಮುಂದೆ ನಿಂತಳು.

"ಎಲ್ಲಾ ಗೊತ್ತಾಯ್ತು. ನನಗೆ ಅವಳನ್ನ ತೋರ್ಸಿ."

"ಆ ದಿನದ್ದು ಇಲ್ಲಮ್ಮ."

"ಹಿಂದಿನ ದಿನದ್ದು ಸಾಕು."

"ಅದೂ ಇಲ್ಲ. ಮಗು ಇದ್ದ ದಿನದ್ದು ಯಾವುದೂ ಉಳಿದಿಲ್ಲ."

ಅವಳು ಪರದೆಯತ್ತ ತಿರುಗಿದಳು. "ಏನಿದೆಯೋ ಅದನ್ನೇ ಹಾಕಿ" ಎಂದಳು.

ತಂತ್ರಜ್ಞ ಇನ್‌ಸ್ಪೆಕ್ಟರ್ ಮುಖ ನೋಡಿದ. ಅವರು ಹೂಂ ಎಂದರು. ಪರದೆಯ ಮೇಲೆ ಅವಳ ಮನೆಯ ಗೇಟು ಮೂಡಿತು. ಗಂಡ ಸ್ಕೂಟರ್ ಹೊರಗೆ ತಂದು ನಿಲ್ಲಿಸಿ, ಚಿಲಕ ಹಾಕಿ, ಗೇಟನ್ನು ಎಳೆದು ನೋಡಿ ಹೊರಟ. ಬೀದಿಯ ತುದಿಯಿಂದ ತಿರುಗಿ ಬಂದು ಗೇಟು ಎಳೆದು ನೋಡಿದ. ಮತ್ತೆ ಹೋಗಿ ಮತ್ತೆ ಬಂದ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಒಳಗೆ ಕಾಯಬೇಕಾದದ್ದು ಏನೂ ಉಳಿದಿರದ ಮನೆಯ ಗೇಟನ್ನು ಅವನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸುತ್ತಿದ್ದ. ಕೊನೆಯ ಚಿತ್ರ ಇನ್ನೊಂದು ಕ್ಯಾಮೆರಾದ್ದು. ಅದರಲ್ಲಿ ಅವನು ಸೆಕ್ರೆಟರಿಯ ಗೇಟು ದಾಟಿ ಒಳಗೆ ಹೋಗಿ, ಹಿಂದೆ ತಿರುಗಿ ಅದರ ಚಿಲಕವನ್ನೂ ಹಾಕಿದ್ದ. ಆಮೇಲೆ ಪರದೆ ಕಪ್ಪಾಯಿತು.

"ಈಗ ಚಿಲಕ ಹಾಕ್ತಾರೆ" ಎಂದಳು ತಾಯಿ.

ಅವಳು ಎದ್ದು ಹೊರಟಳು. ಲಾಕಪ್ಪಿನೊಳಗಿಂದ ಗಂಡ ಅವಳನ್ನು ಕರೆದ, ಅವಳು ನಿಲ್ಲಲಿಲ್ಲ. ಇನ್‌ಸ್ಪೆಕ್ಟರ್ ಕೇಸ್ ಡೈರಿ ತೆರೆದು, ಕಳವಿನ ಉದ್ದೇಶ ಎಂಬಲ್ಲಿ 'ಹೆಂಡತಿಗೆ ತಿಳಿಯದಿರಲಿ ಎಂದು' ಎಂದಷ್ಟೇ ಬರೆದು ಸಹಿ ಹಾಕಿದರು.