ಕ್ಯಾತಣ್ಣನ ಎರಡನೇ ಸ್ಕ್ಯಾನಿಂಗ್

ಮೂರು ಆಸ್ಪತ್ರೆಗಳು ಆಗದೆಂದು ಕಳಿಸಿದ ರೋಗಿಯನ್ನು ನಾಲ್ಕನೆಯದು ಒಂದೇ ಮಾತಿಗೆ ಒಪ್ಪಿಕೊಂಡರೆ ಮನೆಯವರು ಹಿಗ್ಗಬೇಕು. ಸ್ನೇಹಲತಾ ಮಾತ್ರ ಹೆದರಿ ಮಧುಗಿರಿಗೆ ಓಡಿಬಂದಿದ್ದಳು.

"ಮೇಡಂ, ನಮ್ಮಪ್ಪಂಗೆ ಗುರುವಾರ ಆಪರೇಷನ್ನು. ಹೊಟ್ಟೆ ಒಳಗಿನ ದೊಡ್ಡ ರಕ್ತನಾಳ ಊದೈತೆ, ಒಡೆದ್ರೆ ಉಳಿಯಕಿಲ್ಲ ಅಂದವ್ರೆ. ಹೋದ ತಿಂಗಳು ಆರೂವರೆ ಸೆಂಟಿಮೀಟ್ರು ಇತ್ತು. ಹೊಸ ಸ್ಕ್ಯಾನಿಂಗ್‌ನಾಗೆ ಐದೂವರೆ ಅಂತೈತೆ. ಇದು ಹೆಂಗೆ?"

ಶಿವರುದ್ರಮ್ಮ ಮೂವತ್ತನಾಲ್ಕು ವರ್ಷ ಎಕ್ಸ್-ರೇ ಕೋಣೆಯಲ್ಲಿ ದುಡಿದು ನಿವೃತ್ತರಾದವರು. ಊರಿನ ಕಳವು, ಮೋಸಗಳ ಒಳಗುಟ್ಟೂ ಅವರ ಕಣ್ಣಿಗೆ ಹಾಗೇ ಕಾಣುತ್ತಿತ್ತು. ಪಕ್ಕದ ಮೆಡಿಕಲ್ ಸ್ಟೋರಿನ ಮಲ್ಲೇಶನಿಗೆ ಅವರ ಹಿಂದೆ ತಿರುಗುವುದೇ ಕಸುಬು. ಅಂಗಡಿ ನೋಡಿಕೊಳ್ಳುತ್ತಿದ್ದದ್ದು ಹೆಂಡತಿ, ಪಾಪ.

"ಮಾತ್ರೆ ಹಿಡಿಸಿರಬೇಕು," ಎಂದ ಮಲ್ಲೇಶ್.

"ಊದಿದ ನಾಳ ತಾನಾಗಿ ಇಳಿಯಲ್ಲಪ್ಪ," ಎನ್ನುತ್ತಾ ಅವರು ಎರಡೂ ಫಿಲ್ಮುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೊದಲನೆಯದರಲ್ಲಿ ಊತ ಕಿಡ್ನಿಯ ಕವಲುಗಳಿಗೆ ಒತ್ತಿಕೊಂಡೇ ಶುರುವಾಗಿತ್ತು. ಕಾಲಿಗಿಳಿಯುವ ನಾಳಗಳು ಬಳ್ಳಿಯಂತೆ ಸುತ್ತಿಕೊಂಡಿದ್ದವು. ಊತದೊಳಗೆ ಕೂರಿಸಲೆಂದು ತೊಡೆಯ ಸಂದಿನಿಂದ ತೂರಿಸುವ ಬಟ್ಟೆಯ ಕೊಳವೆ ಮೇಲೇರಲು ದಾರಿಯಿಲ್ಲ, ಏರಿದರೂ ಕಚ್ಚಿಕೊಳ್ಳಲು ಜಾಗವಿಲ್ಲ. ಆಸ್ಪತ್ರೆಗಳು ಕೈಚೆಲ್ಲಿದ್ದು ಅದಕ್ಕೇ. ಎರಡನೆಯದರಲ್ಲಿ ಎಲ್ಲವೂ ನೆಟ್ಟಗೆ. ಹೆಸರು ಮಾತ್ರ ಎರಡರಲ್ಲೂ ಕ್ಯಾತಣ್ಣ, ಐ.ಡಿ.ಹಳ್ಳಿ.

"ನಾಲ್ಕನೇ ಆಸ್ಪತ್ರೆಗೆ ತೋರಿಸಿದ್ದು ಹೊಸದು ಮಾತ್ರ ತಾನೆ?"

"ಹೂಂ ಮೇಡಂ."

"ಕೊಳವೆ ಆರಿಸೋದು ಇದರ ಅಳತೆ ನೋಡಿ. ಅಳತೆ ತಪ್ಪಿದ್ರೆ ಕಿಡ್ನಿಯ ಕವಲಿನ ಬಾಯೇ ಮುಚ್ಚಿಹೋಗುತ್ತೆ. ನಡಿ, ನಿಮ್ಮೂರಿಗೆ ಹೋಗೋಣ."

ಕಾರಿನಲ್ಲೇ ಅವರು ಹೊಸ ಫಿಲ್ಮು ತೆಗೆದಿದ್ದ ಸಿರಾದ ಸ್ಕ್ಯಾನಿಂಗ್ ಸೆಂಟರಿಗೆ ಫೋನ್ ಮಾಡಿದರು. ಆ ದಿನ ಹೊಟ್ಟೆಯ ಸಿ.ಟಿ. ಮಾಡಿಸಿದ ಗಂಡಸು ಒಬ್ಬನೇ ಎಂಬ ಉತ್ತರ ಬಂತು. ಕ್ಯಾತಣ್ಣನ ಜೊತೆ ಹೋಗಿದ್ದವರು ಮೂವರು ಎಂದಳು ಸ್ನೇಹಲತಾ: ಮಗ ಅಂಜಿನಮೂರ್ತಿ, ತಮ್ಮ ಕದರಪ್ಪ, ಹೆಂಡತಿ ಜುಂಜಮ್ಮನ ಅಣ್ಣ ಅಡವಯ್ಯ.

ಮನೆ ಮುಂದೆ ಕದರಪ್ಪ ಎಡಗಾಲೆಳೆಯುತ್ತಾ ಕುರ್ಚಿ ತಂದಿಟ್ಟ. ಅಣ್ಣನದೇ ಮೂಗು, ಅಣ್ಣನದೇ ಮೀಸೆ. ಅಡವಯ್ಯ ತಪ್ಪಿಸಿಕೊಂಡ ಕುರಿಮರಿಯನ್ನು ಹಿಡಿದು ಮೋಟುಗೋಡೆ ಹಾರಿ ಬಂದ. ಅಂಜಿನಮೂರ್ತಿ, ಮೂವತ್ತರ ಗಟ್ಟಿಮುಟ್ಟು ಆಳು, ಬಾಗಿಲಿಗೆ ಒರಗಿ ನಿಂತ.

"ಸಿರಾದಲ್ಲಿ ಮಿಷಿನ್ ಒಳಗೆ ಮಲಗಿದ್ದು ನೀನೇನಾ ಕ್ಯಾತಣ್ಣ?"

"ಮಲಗು ಅಂದ್ರು, ಮಲಗ್ದೆ ಕಣಮ್ಮ," ಎಂದ ಕ್ಯಾತಣ್ಣ, ಕುರಿಗಳ ಕಡೆ ನೋಡುತ್ತಾ.

ಶಿವರುದ್ರಮ್ಮ ಎಲ್ಲರನ್ನೂ ಕೂರಿಸಿದರು.

"ಸುಳ್ಳು. ಮೊದಲ ಫಿಲ್ಮಿನಲ್ಲಿ ಬೆನ್ನಿನ ಒಂದು ಮೂಳೆ ಕುಸಿದಿದೆ."

"ಮದ್ವೆಗೆ ಮುಂಚೆ ಬಾವಿಗೆ ಬಿದ್ದಿದ್ರು," ಎಂದಳು ಜುಂಜಮ್ಮ.

"ಎರಡನೆಯದರಲ್ಲಿ ಅದೇ ಮೂಳೆ ಗುಂಡುಕಲ್ಲಿನಂತಿದೆ. ಕುಸಿದದ್ದು ತಿಂಗಳಲ್ಲಿ ಎದ್ದು ಕೂರುತ್ತಾ?"

"ಸೆಂಟರ್ನೋರು ಅದ್ಲುಬದ್ಲು ಮಾಡವ್ರೆ!" ಎಂದ ಅಂಜಿನಮೂರ್ತಿ. ನಾನೂ ಅದೇ ಅಂದುಕೊಂಡೆ ಎಂದು ಮಲ್ಲೇಶ್ ಜೋರಾಗಿ ತಲೆಯಾಡಿಸಿದ.

"ಆವತ್ತು ಇನ್ನೊಬ್ಬ ಗಂಡಸೇ ಬಂದಿಲ್ಲ, ಯಾರದ್ದರ ಜೊತೆ ಅದಲುಬದಲು? ಕ್ಯಾತಣ್ಣನ ಆಧಾರ್ ಕಾರ್ಡು ಹಿಡ್ಕೊಂಡು ಬೇರೆಯವರು ಮಲಗಿದ್ದಾರೆ. ಇದು ಅರವತ್ತರ ಮೂಳೆ, ಹಾಗಾಗಿ ಅಂಜಿನಮೂರ್ತಿಯಲ್ಲ. ಎಡ ಸೊಂಟದ ಕೀಲು ಪೂರ್ತಿ ಸವೆದಿದೆ. ಅಂಥ ಕೀಲಿಟ್ಟುಕೊಂಡು ಗೋಡೆ ಹಾರೋಕಾಗಲ್ಲ, ಅಡವಯ್ಯನೂ ಅಲ್ಲ. ಕ್ಯಾತಣ್ಣನ ಕಾರ್ಡಿನ ಫೋಟೋಗೆ ಹೊಂದೋ ಮುಖ ಇನ್ನು ಯಾರದ್ದು?"

ಎಲ್ಲರೂ ಕದರಪ್ಪನ ಕಡೆ ತಿರುಗಿದರು.

"ನಾನೇ ಕಣಮ್ಮ," ಎಂದ ಅವನು. "ಇವ್ರಿಬ್ರೂ ಟೀ ಕುಡಿಯಾಕೆ ಹೋದಾಗ ಒಳಕ್ಕೆ ಹೋಗಿ ಮಲಗ್ದೆ. ಅಣ್ಣಂಗೂ ನಾನೇ ಬಾಯಿ ಮುಚ್ಕಂಡಿರು ಅಂದಿದ್ದೆ. ಇನ್ಸೂರೆನ್ಸ್‌ಗೆ ಅಂತ ಕುರಿ ಕಿವಿಗೆ ಬಿಲ್ಲೆ ಹಾಕಾಕೆ ಡಾಕ್ಟ್ರು ಬಂದಾಗ ಸೊರಗಿರೋದ್ನ ಹಿಂದಕ್ಕೆ ಹಾಕಿ ದಷ್ಟಪುಷ್ಟವಾಗಿರೋದ್ನ ಮುಂದಕ್ಕೆ ತಳ್ತೀವಲ್ಲ, ಇದೂ ಅಂಗೇ ಅಂದ್ಕಂಡೆ. ಒಂದ್ಸಲ ಒಳಕ್ಕೆ ಸೇರಿಸ್ಕಂಡ್ರೆ ವಾಪಸ್ ಕಳ್ಸಕಿಲ್ಲ ಅಂತ. ಅಳತೆ ಅದ್ರಾಗೇ ತಗೀತಾರೆ ಅಂತ ನಂಗೇನು ಗೊತ್ತು?"

"ಥೂ ನಿನ್ನ! ನನ್ನ ಗಂಡನ್ನ ಕೊಂದೇ ಬುಡ್ತಿದ್ಯಲ್ಲೋ!" ಜುಂಜಮ್ಮ ಕೈಗೆ ಸಿಕ್ಕ ಪೊರಕೆ ಎತ್ತಿದಳು. ಅಡವಯ್ಯ ನಕ್ಕೇಬಿಟ್ಟ, ಅವನ ಹಿಂದೆ ಮಲ್ಲೇಶನೂ.

ಶಿವರುದ್ರಮ್ಮ ನಗಲಿಲ್ಲ. "ಕದರಪ್ಪ, ಫಿಲ್ಮು ನಿಂದು ಅಂದ ಮೇಲೆ ಅದರೊಳಗಿನ ಊತಾನೂ ನಿಂದೇ. ಐದೂವರೆ ಸೆಂಟಿಮೀಟರ್. ಅಣ್ಣನಿಗಿದ್ದರೆ ತಮ್ಮನಿಗೂ ಬರೋದುಂಟು."

ಜುಂಜಮ್ಮ ಪೊರಕೆ ಕೆಳಗಿಟ್ಟಳು. ಕದರಪ್ಪ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ.

ಶಿವರುದ್ರಮ್ಮ ಅಲ್ಲಿಂದಲೇ ನಾಲ್ಕನೇ ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದರು. ಅವರು ಬೈದರು, ಆಮೇಲೆ ದಾರಿಯನ್ನೂ ಹೇಳಿದರು. ಫಿಲ್ಮಿನ ನಿಜವಾದ ಧಣಿ ತನ್ನ ಹೆಸರಿನಲ್ಲೇ ಗುರುವಾರ ಬರಲಿ. ಕ್ಯಾತಣ್ಣನಿಗೆ ಕಿಡ್ನಿಯ ಕವಲುಗಳಿಗೆ ತೂತು ಬಿಟ್ಟ, ಸುತ್ತಿಕೊಂಡ ನಾಳದಲ್ಲೂ ಬಳುಕಿ ಏರುವ ಕೊಳವೆಯನ್ನು ಅವನ ಅಳತೆಗೇ ಮಾಡಿಸಬೇಕು, ಎರಡು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಒಡೆಯುವುದಿಲ್ಲವೆಂದು ಅವರು ಮಾತು ಕೊಡಲಿಲ್ಲ.

"ಅಣ್ಣಂದು ಆಗ್ದೆ ನಾನು ಮಲಗಕಿಲ್ಲ," ಎಂದ ಕದರಪ್ಪ.

ಕ್ಯಾತಣ್ಣ ಒಳಗೆ ಹೋಗಿ, ಜುಂಜಮ್ಮ ಅವನಿಗೆಂದು ತುಂಬಿಟ್ಟಿದ್ದ ಬಟ್ಟೆಯ ಬ್ಯಾಗನ್ನು ತಂದು ತಮ್ಮನ ತೊಡೆಯ ಮೇಲಿಟ್ಟ.

"ಲೇ, ಆವತ್ತು ನನ್ನ ಬದ್ಲು ನೀನು ಮಲಗ್ದೆ. ನಿನ್ನ ಬದ್ಲು ಮಲಗಾನ ಅಂದ್ರೆ ನನ್ನ ಕೈಲಾಗಕಿಲ್ಲ ಕಣ್ಲಾ. ನೀನೇ ಹೋಗ್ಬೇಕು."