ಒಂದೇ ಸಲದ ವೀಸಾ

ಹಡಗಿನಿಂದ ಇಳಿದವರಿಗೆ ಎರಡು ಸಾಲು. ದೇಶದವರಿಗೆ ಒಂದು, ಹೊರಗಿನವರಿಗೆ ಒಂದು. ನಮ್ಮ ಸಾಲು ಹನುಮಂತನ ಬಾಲದ ಹಾಗೆ ಬೆಳೆದಿತ್ತು, ನನ್ನ ಜೊತೆಯವರು ನಿಂತ ಹೊರಗಿನವರ ಸಾಲಿನಲ್ಲಿ ನಾಲ್ಕೇ ಜನ. "ಬೇಗ ಮುಗಿಸಿ ಆಚೆ ನಿಂತು ನನ್ನ ಬ್ಯಾಗ್ ಕಾಯಿರಿ," ಎಂದು ನಾನು ಛೇಡಿಸಿದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. "ನಿಮ್ಮ ಬ್ಯಾಗ್ ನಿಮ್ಮ ಹತ್ರಾನೇ ಇರಲಿ," ಎಂದರು.

ಆ ನೋಟ ನನಗೆ ಹೊಸದೇನಲ್ಲ. ನನ್ನದು ಕನ್ನಡಕದ ಅಂಗಡಿ. ಅಣ್ಣ ಗಿರಾಕಿಗಳನ್ನು ಮಾತಾಡಿಸುತ್ತಾನೆ, ನಾನು ಕಣ್ಣು ನೋಡುತ್ತೇನೆ. ಅವರು ಮೊದಲ ಸಲ ಬಂದದ್ದು ಕಡ್ಡಿ ಮುರಿದ ಕನ್ನಡಕ ಹಿಡಿದುಕೊಂಡು. ಪಕ್ಕದ ದೇಶದವರು, ಕೆಲಸ ಲಿಫ್ಟ್ ಮೆಕ್ಯಾನಿಕ್. ನಮ್ಮೂರಿಗೆ ಮದುವೆಯಾಗಿ ಬಂದಿದ್ದ ಅವರ ಅಕ್ಕ ಹಾಸಿಗೆ ಹಿಡಿದಿದ್ದರಿಂದ ನೋಡಿಕೊಳ್ಳಲು ಬಂದಿದ್ದರು.

ಎರಡು ಕಣ್ಣುಗಳ ನಡುವಿನ ಅಳತೆ ತೆಗೆಯಬೇಕಾದರೆ ಮುಖಕ್ಕೆ ಮುಖ ಕೊಟ್ಟು ಕೂರಬೇಕು. ನನ್ನ ಮೂಗಿನ ಕಡೆ ನೋಡಿ ಎಂದೆ. "ಮೂಗು ಚೆನ್ನಾಗೇ ಇದೆ. ಆದರೆ ಅದರ ಮೇಲಿರೋ ಎರಡನ್ನ ಬಿಟ್ಟು ಅದನ್ನೇ ಯಾಕೆ ನೋಡಬೇಕು?" ಎಂದರು. ಇಷ್ಟು ವರ್ಷದ ಕಸುಬಿನಲ್ಲಿ ಮೊದಲ ಸಲ ನನ್ನ ಅಳತೆ ತಪ್ಪಿತು. ಇನ್ನೊಮ್ಮೆ ಅಳೆಯುವಾಗ ಒಳಗಿನಿಂದ ಅತ್ತಿಗೆ ಸುಮ್ಮಸುಮ್ಮನೆ ಕೆಮ್ಮಿದರು.

ಆಮೇಲೆ ವಾರಕ್ಕೊಮ್ಮೆ ಸ್ಕ್ರೂ ಸಡಿಲವಾಯಿತೆಂದು ಬರತೊಡಗಿದರು. ಇಡೀ ಲಿಫ್ಟ್ ಬಿಚ್ಚಿ ಜೋಡಿಸುವ ಮನುಷ್ಯನಿಗೆ ಆ ಒಂದು ಸ್ಕ್ರೂ ತಿರುಗಿಸಲು ಬರುವುದಿಲ್ಲವಂತೆ. ಅಕ್ಕ ತೀರಿಕೊಂಡ ದಿನ ಮಾತ್ರ ಯಾವ ನೆಪವೂ ಇಲ್ಲದೆ ಬಂದು ನನ್ನೆದುರಿನ ಸ್ಟೂಲಿನ ಮೇಲೆ ಕೂತರು. ಅಂಗಡಿ ಮುಚ್ಚುವವರೆಗೂ ಕೂತೇ ಇದ್ದರು. ನಾನು ಅವರನ್ನು ಪ್ರೀತಿಸುತ್ತೇನೆಂದು ನನಗೆ ಖಾತ್ರಿಯಾದದ್ದು ಅವತ್ತು. ಹೇಳುವುದು ಮಾತ್ರ ಇಬ್ಬರಿಗೂ ಆಗಲಿಲ್ಲ. ಇಬ್ಬರ ಪರವಾಗಿ ಮಾತೆತ್ತಿದ್ದೂ, ಮದುವೆ ಅಧಿಕಾರಿಯ ಆಫೀಸಿನಲ್ಲಿ ದಿನ ಗೊತ್ತು ಮಾಡಿದ್ದೂ ಅತ್ತಿಗೆಯೇ. ಅವರ ವೀಸಾ ಅವಧಿ ಮುಗಿಯುತ್ತ ಬಂದಿತ್ತು, ಮುಂದುವರಿಸಲು ಅರ್ಜಿ ಹಾಕಿದ್ದರು.

ಹಡಗಿನ ಪ್ರವಾಸವೂ ಅತ್ತಿಗೆಯ ತಲೆಯಿಂದಲೇ ಬಂದದ್ದು. ಮದುವೆಗೆ ಮೊದಲು ಒಬ್ಬರನ್ನೊಬ್ಬರು ಸಮುದ್ರದ ನಡುವೆ ಪರೀಕ್ಷೆ ಮಾಡಿಕೊಳ್ಳಿ, ಓಡಿಹೋಗಲು ಜಾಗ ಇರುವುದಿಲ್ಲ ಎಂದರು. ರೂಮು ಎರಡು ಎಂದು ಅಣ್ಣ ಗಂಟಲು ಸರಿಮಾಡಿಕೊಂಡು ಹೇಳಿದ.

ಮೊದಲ ಎರಡು ಬಂದರುಗಳು ನಮ್ಮ ದೇಶದವೇ. ಅಲ್ಲಿ ಪಾಸ್‌ಪೋರ್ಟನ್ನು ಕೇಳುವವರಿಲ್ಲ, ಹಡಗಿನ ಕಾರ್ಡ್ ತೋರಿಸಿದರೆ ಸಾಕು, ಇಳಿದು ತಿರುಗಾಡಿ ಬರಬಹುದು. ಮೂರನೆಯದು ಹೊರದೇಶದ ಒಂದು ದ್ವೀಪ. ಅದಕ್ಕಾಗಿ ಎರಡನೇ ಬಂದರಿನಲ್ಲಿ ಇಮಿಗ್ರೇಷನ್‌ನವರು ಹಡಗಿನೊಳಗೇ ಬಂದು ಊಟದ ಹಾಲಿನಲ್ಲಿ ಮೇಜು ಹಾಕಿಕೊಂಡು ಎಲ್ಲರಿಗೂ ನಿರ್ಗಮನದ ಮುದ್ರೆ ಒತ್ತಿದರು. ನನ್ನದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು. ಮೇಲಿನ ಡೆಕ್ಕಿನಲ್ಲಿ ಎರಡು ಕುರ್ಚಿ ಹಿಡಿದು ಕಾದೆ. ಅವರು ಬಹಳ ತಡವಾಗಿ ಬಂದರು. ಯಾಕೆಂದು ಕೇಳಿದ್ದಕ್ಕೆ, "ಫೋಟೋದಲ್ಲಿರೋನು ಲಕ್ಷಣವಾಗಿದ್ದಾನೆ, ನೀವ್ಯಾರು ಅಂತ ಕೇಳ್ತಿದ್ರು," ಎಂದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ದ್ವೀಪದಲ್ಲಿ ಅರ್ಧ ದಿನವಿದ್ದೆವು. ಮರಳಿನ ಮೇಲೆ ಬರಿಗಾಲಲ್ಲಿ ನಡೆದು, ಟೀ ಕುಡಿದು, ಹಳೆಯ ದೀಪಸ್ತಂಭ ಹತ್ತಿದೆವು. ಲಿಫ್ಟ್ ಇಲ್ಲದ್ದಕ್ಕೆ ಅವರು ಪ್ರತಿ ತಿರುವಿನಲ್ಲೂ ಸರಕಾರವನ್ನು ಬೈದರು. ತುದಿಯಲ್ಲಿ ಗಾಳಿಗೆ ನನ್ನ ಕೂದಲು ಅವರ ಕನ್ನಡಕಕ್ಕೆ ಸಿಕ್ಕಿಕೊಂಡಿತು. ಬಿಡಿಸಲು ಅವರು ಅವಸರ ಮಾಡಲಿಲ್ಲ, ನಾನೂ ಮಾಡಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಖುಷಿಯಾಗಿ ನಾನು ಯಾವತ್ತೂ ಇರಲಿಲ್ಲ.

ಈಗ ವಾಪಸ್ ನಮ್ಮೂರಿನ ಬಂದರು. ನನ್ನ ಉದ್ದನೆಯ ಸಾಲು ಕರಗಿ ನಾನು ಹಳದಿ ಗೆರೆ ದಾಟಿ ಆಚೆ ಬಂದರೂ ಅವರು ಗಾಜಿನ ಕೌಂಟರಿನ ಮುಂದೆ ನಿಂತೇ ಇದ್ದರು. ಕೌಂಟರಿನ ಆಫೀಸರು ರಿಟೈರ್ ಆಗುವ ವಯಸ್ಸಿನವರು. ನಾನು ಇಣುಕುತ್ತಿರುವುದನ್ನು ನೋಡಿ ಗೆರೆಯವರೆಗೆ ಕರೆದರು. "ನೀವು ಇವರ ಕಡೆಯವರಾ?" ಎಂದು ಕೇಳಿದರು. ಹೌದೆಂದೆ.

ಇವರದು ಒಂದೇ ಸಲದ ವೀಸಾ ಎಂದು ಆಫೀಸರು ತಾಳ್ಮೆಯಿಂದ ವಿವರಿಸಿದರು. ಅಕ್ಕನನ್ನು ನೋಡಲು ವಿಮಾನದಲ್ಲಿ ಬಂದರಲ್ಲ, ಆ ಒಂದು ಸಲ ಅಲ್ಲಿಗೇ ಖರ್ಚಾಯಿತು. ಹಡಗು ಹೊರದೇಶದ ಬಂದರು ಮುಟ್ಟಿತೆಂದರೆ ದೇಶ ಬಿಟ್ಟುಹೋದ ಹಾಗೆ. ಈಗ ಕಾಲಿಟ್ಟರೆ ಎರಡನೇ ಸಲ. ಒಳಗೆ ಬಿಡಲು ಬರುವುದಿಲ್ಲ, ಇದೇ ಹಡಗಿನಲ್ಲಿ ಮುಂದಿನ ಹೊರದೇಶದ ಬಂದರಿಗೆ ಹೋಗಿ, ಅಲ್ಲಿಂದ ತಮ್ಮ ದೇಶಕ್ಕೆ ಮರಳಬೇಕು.

ನಾನು ಅಂಗಡಿಯಲ್ಲಿ ವಾದಿಸುವ ಹಾಗೇ ವಾದಿಸಿದೆ. ಅರ್ಧ ದಿನ ಟೀ ಕುಡಿದು ಬಂದದ್ದಕ್ಕೆ ದೇಶ ಬಿಟ್ಟ ಹಾಗಾಗುತ್ತದೆಯೇ? ಅದೇ ಹಡಗು, ಅದೇ ಜನ. ಇವರಿಗೇನು ಗೊತ್ತು, ಎಳೆದುಕೊಂಡು ಹೋದವಳು ನಾನು, ಬೈಯುವುದಾದರೆ ನನ್ನನ್ನು ಬೈಯಿರಿ ಎಂದೆ.

ಆಫೀಸರು ಕಂಪ್ಯೂಟರ್ ನೋಡಿದರು, ಅವರ ಮುಖ ನೋಡಿದರು, ಕೊನೆಗೆ ನನ್ನನ್ನು ನೋಡಿದರು. "ಇವರಿಗೆ ಗೊತ್ತಿತ್ತಮ್ಮಾ. ಹೋಗೋವಾಗಲೇ ನಮ್ಮವರು ಹೇಳಿದ್ದಾರೆ, ಇಲ್ಲೇ ಇಳ್ಕೊಳ್ಳಿ, ಮುಂದೆ ಹೋದ್ರೆ ವಾಪಸ್ ಬರೋಕಾಗಲ್ಲ ಅಂತ. ಇವರೇ ಹೋಗ್ತೀನಿ ಅಂದಿದ್ದಾರೆ."

ಮೇಲಿನ ಡೆಕ್ಕಿನಲ್ಲಿ ಹೊಟ್ಟೆ ಹಿಡಿದು ನಕ್ಕದ್ದು ನೆನಪಾಗಿ ನಾಚಿಕೆಯಾಯಿತು.

ಅವರು ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದರು. ಪ್ರವಾಸ ಹೊರಡುವ ಮೊದಲೇ ಅರ್ಜಿ ತಿರಸ್ಕಾರವಾಗಿತ್ತು. ಮದುವೆಯ ದಿನ ಬರುವ ಮುಂಚೆಯೇ ಅವರು ದೇಶ ಬಿಡಬೇಕಿತ್ತು. ನನಗೆ ಗೊತ್ತಿಲ್ಲದಂತೆ ಆಫೀಸಿನಿಂದ ಆಫೀಸಿಗೆ ಅಲೆದು, ವಕೀಲರನ್ನೂ ಕಂಡು ಬಂದಿದ್ದರು. ಒಮ್ಮೆ ತಿರಸ್ಕರಿಸಿದವರಿಗೆ ಮತ್ತೆ ವೀಸಾ ಸಿಗುವುದು ಕನಸಿನ ಮಾತು ಎಂದರಂತೆ ವಕೀಲರು. ನಾನೇ ಅವರ ದೇಶಕ್ಕೆ ಹೋಗೋಣವೆಂದರೆ, ಎರಡು ಸರಕಾರಗಳು ಶಾಲೆಯ ಮಕ್ಕಳ ಹಾಗೆ ಟೂ ಬಿಟ್ಟುಕೊಂಡು, ನಮ್ಮವರಿಗೆ ಅಲ್ಲಿಯ ವೀಸಾ ಕೊಡುವುದೇ ನಿಂತಿತ್ತು.

"ಉಳಿದಿದ್ದೇ ಸ್ವಲ್ಪ ದಿನ," ಎಂದರು ಅವರು. "ಅದನ್ನೂ ಆಫೀಸಿನ ಬೆಂಚಿನ ಮೇಲೆ ಕಳೀಬೇಕಾ ಅನ್ನಿಸ್ತು. ನೀವು ನಗೋದನ್ನ ನೋಡ್ತಾ ಕಳೆಯೋಣ ಅಂದ್ಕೊಂಡೆ."

"ನನ್ನನ್ನ ನಗಿಸ್ಕೊಂಡು ನೀವೊಬ್ಬರೇ ಅಳ್ತಿದ್ರಾ? ನನ್ನ ಪಾಲಿನ ಅಳು ನನಗೆ ಕೊಡಬೇಕಿತ್ತು."

"ತಪ್ಪಾಯ್ತು. ಬೈದುಬಿಡಿ."

ಬೈದೆ. ಮೋಸಗಾರ ಎಂದೆ, ಕಲ್ಲು ಎಂದೆ. ಅವರು ಒಂದೊಂದನ್ನೂ ತಲೆಯಾಡಿಸುತ್ತ ಕೇಳಿಸಿಕೊಂಡರು. ಮೇಲಧಿಕಾರಿಯ ಸಹಿ ಬೇಕೆಂದು ಆಫೀಸರು ಪಾಸ್‌ಪೋರ್ಟ್ ತೆಗೆದುಕೊಂಡು ಒಳಗೆ ಹೋದರು. ಅಲ್ಲಿಯವರೆಗೆ ಮಾತಾಡಿಕೊಳ್ಳಿ, ಗೆರೆ ಮಾತ್ರ ದಾಟಬೇಡಿ ಎಂದರು. ಒಂದು ಸಹಿಗೆ ಅಷ್ಟು ಹೊತ್ತು ಬೇಕಾಗುವುದಿಲ್ಲ. ಆ ಪುಣ್ಯಾತ್ಮ ಬೇಕೆಂದೇ ತಡ ಮಾಡಿದರು.

ಅಷ್ಟು ಹೊತ್ತಿನಲ್ಲಿ ನಾವು ದೊಡ್ಡದೇನೂ ಮಾತಾಡಲಿಲ್ಲ. ಅಕ್ಕನ ಮನೆಯ ಬೀಗದ ಕೈ ಕೊಟ್ಟರು. ಕಣ್ಣು ಒಣಗಿದಾಗ ಉಜ್ಜಬೇಡಿ, ಡ್ರಾಪ್ಸ್ ಹಾಕಿಕೊಳ್ಳಿ ಎಂದೆ. ಸ್ಕ್ರೂ ಸಡಿಲವಾದರೆ ಅಲ್ಲಿ ಯಾರ ಹತ್ತಿರವೂ ಹೋಗಬೇಡಿ ಎಂದೆ. ಒಳಬಾಗಿಲು ತೆರೆದು ಆಫೀಸರು ಬರುವುದು ಕಂಡಿತು.

"ನನಗೆ ನೀವು ಬೇಕು," ಎಂದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಎಷ್ಟು ವರ್ಷ ಆಗುತ್ತೋ ಆಗಲಿ. ನನಗೆ ನೀವೇ ಬೇಕು."

ಅವರು ಕನ್ನಡಕ ತೆಗೆದು ಒರೆಸಿ ಕೈಯಲ್ಲೇ ಹಿಡಿದುಕೊಂಡರು. ಅದಿಲ್ಲದೆ ಮಾರು ದೂರದ ಮುಖವೂ ಅವರಿಗೆ ಮಸುಕು. ಕನ್ನಡಕದ ನಂಬರ್ ಬರೆದುಕೊಟ್ಟವಳು ನಾನೇ.

"ಹಾಕ್ಕೊಳ್ಳಿ," ಎಂದೆ.

"ಹಾಕ್ಕೊಂಡ್ರೆ ಕಾಣ್ತೀರಿ. ಕಂಡ್ರೆ ಹೋಗೋಕಾಗಲ್ಲ."

ಹಾಗೇ ಗೋಡೆ ತಡವಿಕೊಂಡು ಆಫೀಸರ ಹಿಂದೆ ನಡೆದುಹೋದರು.

ಹೊರಗೆ ಅಣ್ಣ ಅತ್ತಿಗೆ ಕಾರು ತಂದು ಕಾಯುತ್ತಿದ್ದರು. ನಾನು ಒಬ್ಬಳೇ ಬಂದದ್ದು ನೋಡಿ ಅತ್ತಿಗೆಯ ನಗು ಅಲ್ಲೇ ನಿಂತಿತು. ನಾನು ಬಂದರಿನ ಬೇಲಿಯ ಹತ್ತಿರ ಓಡಿದೆ.

ಹಡಗು ಆಗಲೇ ದಡ ಬಿಟ್ಟಿತ್ತು. ಎಲ್ಲ ಡೆಕ್ಕುಗಳ ಕಂಬಿಗೂ ಜನ ಒರಗಿ ನಿಂತಿದ್ದರು. ನಾನು ಕೈ ಬೀಸಿದೆ. ಶುಭಪ್ರಯಾಣ ಹೇಳುತ್ತಿದ್ದಾಳೆ ಎಂದುಕೊಂಡರೇನೋ, ಎಲ್ಲ ಡೆಕ್ಕುಗಳಿಂದಲೂ ಕೈಗಳು ಎದ್ದವು. ಅವುಗಳಲ್ಲಿ ಅವರ ಕೈ ಯಾವುದೆಂದು ನನಗೆ ತಿಳಿಯಲಿಲ್ಲ. ಅದೊಂದು ತಪ್ಪಿಹೋಗಬಾರದೆಂದು ಎಲ್ಲರಿಗೂ ಬೀಸಿದೆ.